ತನ್ನ ಮೆಚ್ಚಿನ ಸ್ಪರ್ಧೆಯೇ ಇಲ್ಲದ ವರ್ಷ ಗೆದ್ದವರು: ಅಲೆಕ್ಸಿ ಪ್ಯಾಂತುರೋ ಮತ್ತು ಸ್ಕೀಯಿಂಗ್‌ನ ಲೆಕ್ಕ

ಫ್ರಾನ್ಸಿನ ಅಲೆಕ್ಸಿ ಪ್ಯಾಂತುರೋ ಅವರ ಆಟದ ಬದುಕಿನಲ್ಲಿ ಒಂದು ವಿಚಿತ್ರ ಇದೆ. ಆಲ್ಪೈನ್ ಸ್ಕೀಯಿಂಗ್‌ನಲ್ಲಿ ‘ಕಂಬೈನ್ಡ್’ ಅಂತ ಒಂದು ಸ್ಪರ್ಧೆ, ಒಂದೇ ದಿನ ಎರಡು ಬಗೆಯ ಓಟ ಓಡಿ ಸಮಯ ಕೂಡಿಸುವಂಥದ್ದು. ಅದರಲ್ಲಿ ಅವರನ್ನು ಹಿಂದೆ ಹಾಕುವವರು ಅವರ ಕಾಲದಲ್ಲಿ ತುಂಬಾ ಕಡಿಮೆ. 2019–20ರ ವಿಶ್ವಕಪ್‌ನಲ್ಲಿ ಆ ಸ್ಪರ್ಧೆ ಮೂರು ಸಲ ನಡೆಯಿತು. ಎರಡರಲ್ಲಿ ಅವರೇ ಗೆದ್ದರು, ಇನ್ನೊಂದರಲ್ಲಿ ಎರಡನೆಯವರಾದರು. ಆದರೂ ಆ ವರ್ಷದ ದೊಡ್ಡ ಪ್ರಶಸ್ತಿ 54 ಪಾಯಿಂಟ್‌ಗಳಲ್ಲಿ ಕೈತಪ್ಪಿತು. ಮುಂದಿನ ಸೀಸನ್‌ನ ವಿಶ್ವಕಪ್‌ನಲ್ಲಿ ಕಂಬೈನ್ಡ್ ನಡೆಯಲೇ ಇಲ್ಲ. ದೊಡ್ಡ ಪ್ರಶಸ್ತಿ ಸಿಕ್ಕಿದ್ದು ಆ ಸಲ!

ಇದು ಹೇಗೆ ಸಾಧ್ಯ? ಉತ್ತರ ಬೇಕಾದರೆ ಈ ಆಟದ ಲೆಕ್ಕಾಚಾರ ಸ್ವಲ್ಪ ತಿಳಿಯಬೇಕು. ಟಿವಿಯಲ್ಲಿ ಸ್ಕೀಯಿಂಗ್ ನೋಡೋದು ಸುಲಭ. ಒಬ್ಬರು ಮೇಲಿನಿಂದ ಜಾರಿ ಬರುತ್ತಾರೆ, ಗಡಿಯಾರ ನಿಲ್ಲುತ್ತದೆ, ಹಸಿರೋ ಕೆಂಪೋ ಅಂಕಿ ಕಾಣುತ್ತದೆ. ಹಸಿರಾದರೆ ಮುಂದೆ, ಕೆಂಪಾದರೆ ಹಿಂದೆ. ಆದರೆ ಐದು ತಿಂಗಳು ಹೀಗೆ ಜಾರಿದ ಮೇಲೆ ವರ್ಷದ ಚಾಂಪಿಯನ್ ಯಾರು ಅಂತ ಹೇಗೆ ತೀರ್ಮಾನವಾಗುತ್ತದೆ ಅನ್ನೋದು ಬೇರೆಯೇ ಕಥೆ. ಪ್ಯಾಂತುರೋ ಅವರ ಬದುಕು ಪೂರ್ತಿ ಆ ಲೆಕ್ಕದ ಜೊತೆಗಿನ ಜಗ್ಗಾಟ.

ಮೊದಲು ಇಳಿಜಾರಿನ ವಿಷಯ. ಆಲ್ಪೈನ್ ಸ್ಕೀಯಿಂಗ್ ಒಂದೇ ಆಟ ಅಲ್ಲ, ಮುಖ್ಯವಾಗಿ ನಾಲ್ಕು. ಸ್ಲಾಲಂನಲ್ಲಿ ಕಂಬಗಳು ಹತ್ತಿರ ಹತ್ತಿರ ಇರುತ್ತವೆ. ಗಂಡಸರ ಸ್ಲಾಲಂನಲ್ಲಿ ಒಂದು ನಿಮಿಷಕ್ಕೂ ಕಡಿಮೆ ಸಮಯದಲ್ಲಿ ಐವತ್ತು ಅರವತ್ತು ತಿರುವು ತಿರುಗಬೇಕು. ಕಂಬವನ್ನು ಮೊಣಕಾಲಿನ ಕೆಳಗಿನ ಕವಚದಿಂದಲೋ ಮುಷ್ಟಿಯಿಂದಲೋ ಹೊಡೆದು ಮಲಗಿಸಿ ಸಾಗುತ್ತಾರೆ. ಜೈಂಟ್ ಸ್ಲಾಲಂನಲ್ಲಿ ಗೇಟುಗಳ (ಸುತ್ತಿ ಸಾಗಬೇಕಾದ ಕಂಬಗಳ) ನಡುವೆ ಅಂತರ ಜಾಸ್ತಿ, ತಿರುವು ಉದ್ದ, ವೇಗವೂ ಜಾಸ್ತಿ. ಇವೆರಡನ್ನೂ ‘ಟೆಕ್ನಿಕಲ್’ ಸ್ಪರ್ಧೆಗಳು ಅನ್ನುತ್ತಾರೆ. ಎರಡರಲ್ಲೂ ಒಂದೇ ದಿನ ಎರಡು ಓಟ. ಮೊದಲ ಓಟದ ಮೊದಲ 30 ಮಂದಿಗೆ ಮಾತ್ರ ಎರಡನೆಯದಕ್ಕೆ ಅವಕಾಶ. ಅದೂ ತಲೆಕೆಳಗು ಕ್ರಮದಲ್ಲಿ: ಮೂವತ್ತನೆಯವರು ಮೊದಲು ಇಳಿಯುತ್ತಾರೆ, ಮುಂದಿದ್ದವರು ಕೊನೆಗೆ. ಅಷ್ಟು ಹೊತ್ತಿಗೆ ಹಿಮ ಕಿತ್ತುಹೋಗಿ ಜಾಡು ಹದಗೆಟ್ಟಿರುತ್ತದೆ. ಮೊದಲ ಓಟದಲ್ಲಿ ಮುಂದಿದ್ದವರು ಎರಡನೆಯದರಲ್ಲಿ ಸೋಲುವುದಕ್ಕೆ ಅರ್ಧ ಕಾರಣ ಇದೇ. ಉಳಿದರ್ಧ ನರಗಳು.

ಇನ್ನೊಂದು ಕಡೆ ‘ಸ್ಪೀಡ್’ ಸ್ಪರ್ಧೆಗಳು, ಸೂಪರ್-ಜಿ ಮತ್ತು ಡೌನ್‌ಹಿಲ್. ಇಲ್ಲಿ ಒಂದೇ ಓಟ. ಡೌನ್‌ಹಿಲ್ ಎಂದರೆ ನಿಜಕ್ಕೂ ಭಯ ಹುಟ್ಟಿಸುವ ವೇಗ. ಫ್ರಾನ್ಸಿನವರೇ ಆದ ಯೋಹಾನ್ ಕ್ಲಾರೆ 2013ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ವೆಂಗನ್‌ನಲ್ಲಿ ಗಂಟೆಗೆ 161.9 ಕಿಲೋಮೀಟರ್ ಮುಟ್ಟಿದರು. ಕಾಲಿಗೆ ಎರಡು ಪಟ್ಟಿ, ತಲೆಗೆ ಹೆಲ್ಮೆಟ್, ಅಷ್ಟೇ. ಅದೇ ಕ್ಲಾರೆ 41ನೇ ವಯಸ್ಸಿನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನ ಡೌನ್‌ಹಿಲ್‌ನಲ್ಲಿ ಬೆಳ್ಳಿ ಗೆದ್ದರು ಅನ್ನೋದು ಇನ್ನೊಂದು ಕಥೆ. ಸೂಪರ್-ಜಿ ಮಾತ್ರ ನಡುವಿನದು. ವೇಗ ಡೌನ್‌ಹಿಲ್‌ಗೆ ಹತ್ತಿರ, ತಿರುವುಗಳಲ್ಲಿ ಜೈಂಟ್ ಸ್ಲಾಲಂನ ಗುಣ.

ಈ ನಾಲ್ಕಕ್ಕೂ ಸ್ಕೀ ಬೇರೆ ಬೇರೆ. ಗಂಡಸರ ಸ್ಲಾಲಂ ಸ್ಕೀ 165 ಸೆಂಟಿಮೀಟರ್, ಅಂದರೆ ಆಟಗಾರನಿಗಿಂತ ಕುಳ್ಳಗೆ. ಡೌನ್‌ಹಿಲ್ ಸ್ಕೀ 218 ಸೆಂಟಿಮೀಟರ್. ಮೈಯೂ ಬೇರೆ ಥರ ಬೇಕು. ಡೌನ್‌ಹಿಲ್‌ಗೆ ತೂಕ ಇದ್ದರೆ ಲಾಭ, ಸ್ಲಾಲಂಗೆ ಚುರುಕು ಪಾದ ಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ದಿನಗಳದು. ಡೌನ್‌ಹಿಲ್‌ಗೆ ಮೊದಲು ಅದೇ ಇಳಿಜಾರಿನಲ್ಲಿ ಅಭ್ಯಾಸದ ಓಟ ಓಡಲೇಬೇಕು, ಅದು ನಿಯಮ. ಹಾಗಾಗಿ ವಾರದ ಮಧ್ಯದ ದಿನಗಳೆಲ್ಲ ಅಲ್ಲಿಗೇ ಹೋಗುತ್ತವೆ. ಸೂಪರ್-ಜಿಗೆ ಆ ಕಟ್ಟಲೆ ಇಲ್ಲ. ಬೆಳಗ್ಗೆ ಜಾಡಿನ ಪಕ್ಕದಲ್ಲಿ ನಿಧಾನ ಜಾರುತ್ತಾ ಗೇಟುಗಳನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಬೇಕು, ಆಮೇಲೆ ನೇರ ರೇಸ್. ಅದಕ್ಕೇ ಟೆಕ್ನಿಕಲ್ ಆಟಗಾರರು ಸ್ಪೀಡ್ ಕಡೆ ಕಾಲಿಡುವುದಾದರೆ ಸೂಪರ್-ಜಿಯಿಂದಲೇ. ಪ್ಯಾಂತುರೋ ಮಾಡಿದ್ದೂ ಅದನ್ನೇ. ಈ ಮಾತು ನೆನಪಿರಲಿ, ಅವರ ಗೆಲುವಿಗೂ ಗಾಯಕ್ಕೂ ಇದೇ ದಾರಿ.

ಹುಟ್ಟಿದ್ದು 1991ರ ಮಾರ್ಚ್ 20ರಂದು, ಫ್ರೆಂಚ್ ಆಲ್ಪ್ಸ್‌ನ ಮೂಟಿಯೆ ಊರಿನಲ್ಲಿ. ಬೆಳೆದದ್ದು ಅಲ್ಲೇ ಮೇಲಿನ ಕೂರ್ಶೆವೆಲ್‌ನಲ್ಲಿ. ತಂದೆ ಫ್ರೆಂಚ್, ತಾಯಿ ನಾರ್ವೆಯವರು. ಮನೆಯವರದು ಸ್ಕೀ ಇಳಿಜಾರಿನ ಪಕ್ಕದಲ್ಲೇ ಹೋಟೆಲ್, ಅದರ ಹೆಸರು ಅನ್ನಪೂರ್ಣ. ಬಾಗಿಲು ತೆಗೆದರೆ ಹಿಮ. ಹೀಗೆ ಬೆಳೆದ ಮಕ್ಕಳು ಆಲ್ಪ್ಸ್‌ನಲ್ಲಿ ಸಾವಿರಾರು ಇದ್ದಾರೆ, ಎಲ್ಲರೂ ಚಾಂಪಿಯನ್ ಆಗುವುದಿಲ್ಲ ಅನ್ನೋದು ನಿಜ. ಆದರೆ ಹೀಗೆ ಬೆಳೆಯದವರು ಈ ಆಟದಲ್ಲಿ ಮೇಲೆ ಬರುವುದು ಬಹಳ ಅಪರೂಪ ಅನ್ನೋದೂ ಅಷ್ಟೇ ನಿಜ. ಇದು ದುಬಾರಿ ಆಟ. ಬೆಟ್ಟ ಬೇಕು, ದುಡ್ಡು ಬೇಕು, ಆರೇಳು ತಿಂಗಳ ಚಳಿ ಬೇಕು.

2009ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಜೈಂಟ್ ಸ್ಲಾಲಂ ಗೆದ್ದರು. ಅದೇ ಮಾರ್ಚ್‌ನಲ್ಲಿ ಸ್ವೀಡನ್ನಿನ ಓರೆಯಲ್ಲಿ ಮೊದಲ ವಿಶ್ವಕಪ್ ರೇಸ್. ಆಗ ಹದಿನೆಂಟೂ ತುಂಬಿರಲಿಲ್ಲ. 2011ರಲ್ಲಿ ಮತ್ತೆ ಜೂನಿಯರ್ ಚಾಂಪಿಯನ್. ದೊಡ್ಡವರ ನಡುವೆ ಮೊದಲ ಗೆಲುವು 2012ರ ಫೆಬ್ರವರಿಯಲ್ಲಿ ಬಂತು. ಅದು ಬೆಟ್ಟದಲ್ಲಿ ಅಲ್ಲ, ಮಾಸ್ಕೋ ನಗರದ ನಡುವೆ ಕಟ್ಟಿದ ಕೃತಕ ಇಳಿಜಾರಿನಲ್ಲಿ! ಇಬ್ಬರು ಅಕ್ಕಪಕ್ಕದಲ್ಲಿ ಒಟ್ಟಿಗೆ ಇಳಿಯುವ ಪ್ಯಾರಲಲ್ ಸ್ಪರ್ಧೆ ಅದು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಮ್ಮದೇ ದೇಶದ ವಾಲ್ ದಿಸೇರ್‌ನಲ್ಲಿ ಸ್ಲಾಲಂ ಗೆದ್ದರು. 2014ರ ಮಾರ್ಚ್‌ನಲ್ಲಿ ಲೆಂಟ್ಸರ್‌ಹೈಡೆಯಲ್ಲಿ ಸೂಪರ್-ಜಿ ಗೆದ್ದರು. ಇಪ್ಪತ್ತಮೂರು ತುಂಬುವ ಹೊತ್ತಿಗೆ ಸ್ಲಾಲಂ, ಜೈಂಟ್ ಸ್ಲಾಲಂ, ಸೂಪರ್-ಜಿ, ಕಂಬೈನ್ಡ್, ಪ್ಯಾರಲಲ್ ಎಲ್ಲದರಲ್ಲೂ ಗೆಲುವು. ಡೌನ್‌ಹಿಲ್ ಒಂದೇ ಬಾಕಿ, ಅದು ಬಾಕಿಯೇ ಉಳಿಯಿತು.

ಈಗ ಪಾಯಿಂಟ್ ಲೆಕ್ಕ. ವಿಶ್ವಕಪ್ ಅಂದರೆ ಇಲ್ಲಿ ನಾಲ್ಕು ವರ್ಷಕ್ಕೊಮ್ಮೆ ಬರುವ ಟೂರ್ನಿ ಅಲ್ಲ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಊರೂರು ಸುತ್ತುವ ಸರಣಿ. ಪ್ರತಿ ರೇಸ್‌ನಲ್ಲಿ ಗೆದ್ದವರಿಗೆ 100 ಪಾಯಿಂಟ್. ಎರಡನೆಯವರಿಗೆ 80, ಮೂರನೆಯವರಿಗೆ 60, ನಾಲ್ಕನೆಯವರಿಗೆ 50. ಹೀಗೆ ಇಳಿಯುತ್ತಾ ಮೂವತ್ತನೆಯವರಿಗೆ 1. ಬಿದ್ದರೆ ಸೊನ್ನೆ. ಒಂದು ಗೇಟ್ ತಪ್ಪಿದರೂ ಸೊನ್ನೆ. ಪ್ರತಿ ವಿಭಾಗದಲ್ಲಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಒಂದು ಚಿಕ್ಕ ಗಾಜಿನ ಗ್ಲೋಬ್. ಎಲ್ಲ ವಿಭಾಗಗಳನ್ನೂ ಕೂಡಿಸಿದಾಗ ಮೊದಲು ಬಂದವರಿಗೆ ದೊಡ್ಡ ಗ್ಲೋಬ್. ಆಟಗಾರರ ನಡುವೆ ಅತಿ ಹೆಚ್ಚು ಬೆಲೆ ಇರುವುದು ಈ ದೊಡ್ಡ ಗ್ಲೋಬಿಗೆ. ಒಲಿಂಪಿಕ್ ಚಿನ್ನ ಒಂದೇ ದಿನದ ಮಾತು, ಅದೃಷ್ಟವೂ ಸೇರುತ್ತದೆ. ಗ್ಲೋಬ್ ಇಡೀ ಚಳಿಗಾಲದ ದುಡಿಮೆ.

ಮೊದಲ ಮೂರು ಸ್ಥಾನಗಳ ನಡುವೆ ಇಪ್ಪತ್ತು ಇಪ್ಪತ್ತು ಪಾಯಿಂಟ್ ವ್ಯತ್ಯಾಸ ಇದೆ. ಅದಾದ ಮೇಲೆ ಅಂತರ ಬೇಗ ಕುಗ್ಗುತ್ತದೆ. ಹದಿನೈದನೆಯವರಿಗೆ ಸಿಗುವುದು ಬರೀ 16. ಅಂದರೆ ಆರು ರೇಸ್‌ನಲ್ಲಿ ಹದಿನೈದನೆಯವರಾದರೂ ಒಂದು ಗೆಲುವಿಗೆ ಸಮವಾಗುವುದಿಲ್ಲ. ಎಲ್ಲದರಲ್ಲೂ ಸುಮ್ನೆ ಪಾಲ್ಗೊಂಡರೆ ಪ್ರಯೋಜನ ಇಲ್ಲ. ಎರಡರಲ್ಲಿ ಗೆಲ್ಲುವಷ್ಟು ಬಲ ಇರಬೇಕು, ಮೂರನೆಯದರಲ್ಲಿ ಮೊದಲ ಹತ್ತರೊಳಗೆ ಬರುವಷ್ಟು ಇರಬೇಕು.

ಇದೇ ಗ್ಲೋಬನ್ನು ಗೆದ್ದ ಫ್ರೆಂಚ್ ಗಂಡಸರು ಮೂವರು. ಮೂವರದೂ ಮೂರು ದಾರಿ. 1967ರಲ್ಲಿ ವಿಶ್ವಕಪ್ ಶುರುವಾದಾಗ ಜಾನ್-ಕ್ಲೋದ್ ಕಿಲಿ 17 ರೇಸ್‌ಗಳಲ್ಲಿ 12 ಗೆದ್ದರು. ಆ ವರ್ಷದ ಎಲ್ಲ ಡೌನ್‌ಹಿಲ್‌ಗಳೂ ಅವರದೇ, ಸ್ಲಾಲಂಗಳಲ್ಲೂ ಮುಂದೆ. 1968ರಲ್ಲಿ ಮತ್ತೆ ಗ್ಲೋಬ್, ಜೊತೆಗೆ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ. ಆಗ ಇದ್ದದ್ದೇ ಮೂರು ಸ್ಪರ್ಧೆ! ಎಲ್ಲವನ್ನೂ ಒಬ್ಬರೇ ಗೆಲ್ಲಬಹುದಾಗಿದ್ದ ಕಾಲ ಅದು. ಮೂವತ್ತು ವರ್ಷ ಆದ ಮೇಲೆ, 1997ರಲ್ಲಿ, ಲುಕ್ ಅಲ್ಫಾಂ ಡೌನ್‌ಹಿಲ್ ಮತ್ತು ಸೂಪರ್-ಜಿಯ ಬಲದಿಂದಲೇ ಗ್ಲೋಬ್ ಗೆದ್ದರು. ಮೂರನೆಯವರು ಪ್ಯಾಂತುರೋ, 2021ರಲ್ಲಿ, ಅಲ್ಫಾಂ ಅವರಿಗೆ ಪೂರ್ತಿ ವಿರುದ್ಧವಾದ ಟೆಕ್ನಿಕಲ್ ದಾರಿಯಲ್ಲಿ. ಒಂದೇ ಕಪ್, ಆದರೆ ಅದು ಅಳೆಯುವ ಗುಣ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಈ ಆಟದ ದಾಖಲೆಗಳನ್ನು ಓದುವಾಗ ಇದನ್ನು ಮರೆತರೆ ಹೋಲಿಕೆಗಳೆಲ್ಲ ತಪ್ಪುತ್ತವೆ.

2021ಕ್ಕೆ ಬರುವ ಮೊದಲು ಒಂದು ದೊಡ್ಡ ಗೋಡೆ ಇತ್ತು. ಅದರ ಹೆಸರು ಮಾರ್ಸೆಲ್ ಹಿರ್ಶರ್. ಆಸ್ಟ್ರಿಯಾದ ಈ ಆಟಗಾರ 2012ರಿಂದ 2019ರವರೆಗೆ ಸತತ ಎಂಟು ಸಲ ದೊಡ್ಡ ಗ್ಲೋಬ್ ಒಯ್ದರು. ಪ್ಯಾಂತುರೋ ಅವರಿಗೆ ಬಲ ಇದ್ದದ್ದು ಯಾವುದರಲ್ಲೋ ಹಿರ್ಶರ್‌ಗೂ ಅದರಲ್ಲೇ, ಸ್ಲಾಲಂ ಮತ್ತು ಜೈಂಟ್ ಸ್ಲಾಲಂನಲ್ಲಿ. 2014, 2015, 2016ರಲ್ಲಿ ಪ್ಯಾಂತುರೋ ಒಟ್ಟಾರೆ ಪಟ್ಟಿಯಲ್ಲಿ ಮೂರನೆಯವರು. 2019ರಲ್ಲಿ ಎರಡನೆಯವರು. 2016ರ ಫೆಬ್ರವರಿ–ಮಾರ್ಚ್‌ನಲ್ಲಿ ಸತತ ನಾಲ್ಕು ಜೈಂಟ್ ಸ್ಲಾಲಂ ಗೆದ್ದರೂ ಆ ವಿಭಾಗದ ಚಿಕ್ಕ ಗ್ಲೋಬ್ ಕೂಡ ಹಿರ್ಶರ್ ಪಾಲಾಯಿತು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲೂ ಅದೇ ಕಥೆ. ಕಂಬೈನ್ಡ್‌ನಲ್ಲಿ ಬೆಳ್ಳಿ, ಜೈಂಟ್ ಸ್ಲಾಲಂನಲ್ಲಿ ಕಂಚು. ಎರಡರಲ್ಲೂ ಚಿನ್ನ ಹಿರ್ಶರ್‌ದು.

ಫ್ರೆಂಚ್ ಪತ್ರಿಕೆಗಳು ಆಗಾಗ ಕೇಳುತ್ತಿದ್ದ ಪ್ರಶ್ನೆ ಒಂದೇ: ಇಷ್ಟು ಪ್ರತಿಭೆ ಇದ್ದೂ ದೊಡ್ಡ ಗೆಲುವು ಯಾಕಿಲ್ಲ? ನನಗೆ ಈ ಪ್ರಶ್ನೆಯೇ ಸ್ವಲ್ಪ ಅನ್ಯಾಯ ಅನ್ನಿಸುತ್ತದೆ. ಒಂದು ಕಾಲದ ಅತಿ ದೊಡ್ಡ ಆಟಗಾರನ ಸಮಕಾಲೀನರಾಗಿ ಹುಟ್ಟೋದು ತಪ್ಪಲ್ಲ, ಅಲ್ವಾ? ಹಿರ್ಶರ್ ಇದ್ದಾಗಲೇ ಅವರು ಕೂಡಿಟ್ಟ ವಿಶ್ವಕಪ್ ಗೆಲುವುಗಳು ಫ್ರಾನ್ಸಿನ ಹಳೆಯ ದಾಖಲೆಯನ್ನು ಹಿಂದೆ ಹಾಕಿದವು. ಆ ದಾಖಲೆ 22 ಗೆಲುವುಗಳ ಕಾರೋಲ್ ಮೆರ್ಲ್ ಅವರದಾಗಿತ್ತು. ಕಿಲಿ ಅವರದು 18.

ಈಗ ಕಂಬೈನ್ಡ್‌ಗೆ ಬರೋಣ. ಬೆಳಗ್ಗೆ ಒಂದು ಡೌನ್‌ಹಿಲ್ ಅಥವಾ ಸೂಪರ್-ಜಿ, ಮಧ್ಯಾಹ್ನ ಒಂದು ಸ್ಲಾಲಂ. ಎರಡೂ ಸಮಯ ಕೂಡಿಸಿ ಯಾರದು ಕಡಿಮೆಯೋ ಅವರೇ ಗೆದ್ದವರು. ಒಂದೇ ದಿನ ಬೆಳಗ್ಗೆ ಟೆಸ್ಟ್ ಪಂದ್ಯದ ಹೊಸ ಚೆಂಡನ್ನು ಎದುರಿಸಿ, ಸಂಜೆ ಟಿ20ಯ ಕೊನೆಯ ಓವರ್ ಆಡಿದ ಹಾಗೆ. ಉದ್ದ ಸ್ಕೀ ಬಿಚ್ಚಿಟ್ಟು ಗಿಡ್ಡ ಸ್ಕೀ ಹಾಕಿಕೊಂಡು, ಕೆಲವೇ ಗಂಟೆಗಳಲ್ಲಿ ಮೈಯ ಲಯವನ್ನೇ ಬದಲಿಸಬೇಕು. ಸ್ಪೀಡ್ ಆಟಗಾರರು ಮಧ್ಯಾಹ್ನ ಕಂಬಗಳ ನಡುವೆ ತಡವರಿಸುತ್ತಾರೆ. ಸ್ಲಾಲಂ ಆಟಗಾರರು ಬೆಳಗ್ಗೆಯೇ ಎರಡು ಮೂರು ಸೆಕೆಂಡ್ ಕಳೆದುಕೊಂಡಿರುತ್ತಾರೆ. ಸೂಪರ್-ಜಿಯಲ್ಲಿ ಮುಂದಿನವರ ಜೊತೆಯಲ್ಲೇ ಇದ್ದು ಸ್ಲಾಲಂನಲ್ಲಿ ಅವರನ್ನು ಹಿಂದಿಕ್ಕಬಲ್ಲವರು ಬೆರಳೆಣಿಕೆಯ ಮಂದಿ. ಪ್ಯಾಂತುರೋ ಆ ಪಟ್ಟಿಯ ತಲೆಯಲ್ಲಿದ್ದರು. ಅವರ ಒಟ್ಟು 34 ವಿಶ್ವಕಪ್ ಗೆಲುವುಗಳಲ್ಲಿ 18 ಜೈಂಟ್ ಸ್ಲಾಲಂ, 10 ಕಂಬೈನ್ಡ್, 3 ಸ್ಲಾಲಂ, 2 ಪ್ಯಾರಲಲ್, 1 ಸೂಪರ್-ಜಿ. ಕಂಬೈನ್ಡ್ ವರ್ಷಕ್ಕೆ ಎರಡು ಮೂರು ಸಲ ಮಾತ್ರ ನಡೆಯುತ್ತಿದ್ದದ್ದು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ 10 ಎಷ್ಟು ದೊಡ್ಡ ಅಂಕಿ ಅಂತ ಗೊತ್ತಾಗುತ್ತದೆ.

ಇತಿಹಾಸದಲ್ಲಿ ಈ ಸ್ಪರ್ಧೆಯೇ ಹಿರಿಯಣ್ಣ. 1936ರಲ್ಲಿ ಜರ್ಮನಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ಆಲ್ಪೈನ್ ಸ್ಕೀಯಿಂಗ್ ಮೊದಲ ಬಾರಿ ಬಂದಾಗ ಪದಕ ಇದ್ದದ್ದು ಕಂಬೈನ್ಡ್‌ಗೆ ಮಾತ್ರ. ಬೇರೆ ಯಾವುದಕ್ಕೂ ಇಲ್ಲ. ಅಲ್ಲಿ ಕಂಚು ಗೆದ್ದವರು ಫ್ರಾನ್ಸಿನ ಎಮಿಲ್ ಅಲ್ಲೆ. ಆಲ್ಪೈನ್‌ನಲ್ಲಿ ಫ್ರಾನ್ಸಿನ ಮೊದಲ ಒಲಿಂಪಿಕ್ ಪದಕ ಅದೇ. ಇದೇ ಅಲ್ಲೆ ಮುಂದೆ ಕೂರ್ಶೆವೆಲ್‌ನಲ್ಲಿ ಸ್ಕೀ ಇಳಿಜಾರುಗಳನ್ನು ರೂಪಿಸುವ ಕೆಲಸ ಮಾಡಿದರು. ಪ್ಯಾಂತುರೋ ಸ್ಕೀ ಕಲಿತದ್ದು ಅದೇ ಊರಿನಲ್ಲಿ.

ಹಿರಿಯಣ್ಣನಿಗೆ ಮನೆಯಲ್ಲಿ ಜಾಗ ಕಡಿಮೆಯಾಗುತ್ತಾ ಬಂತು. ಕಾರಣಗಳು ಸರಳ. ಆಟಗಾರರು ಒಂದೋ ಸ್ಪೀಡ್, ಒಂದೋ ಟೆಕ್ನಿಕಲ್ ಅಂತ ಬೇರೆಯಾದರು. ಎರಡೂ ಬಲ್ಲವರು ಕಡಿಮೆಯಾದ ಹಾಗೆ ಪೈಪೋಟಿ ತೆಳುವಾಯಿತು. ಒಂದೇ ದಿನ ಎರಡು ಬಗೆಯ ಜಾಡು ಸಿದ್ಧಮಾಡುವುದು ಆಯೋಜಕರಿಗೆ ತಲೆನೋವು. ಟಿವಿ ನೋಡುವವರಿಗೆ ಬೆಳಗ್ಗೆ ಒಂದಷ್ಟು, ಮಧ್ಯಾಹ್ನ ಒಂದಷ್ಟು, ನಡುವೆ ಉದ್ದದ ಬಿಡುವು. ಆ ಜಾಗಕ್ಕೆ ಪ್ಯಾರಲಲ್ ರೇಸ್‌ಗಳನ್ನು ತರುವ ಪ್ರಯತ್ನವೂ ನಡೆಯಿತು. ತಮಾಷೆ ಎಂದರೆ, ಪ್ಯಾಂತುರೋ ಆ ಪ್ಯಾರಲಲ್‌ನಲ್ಲೂ ಗೆಲ್ಲಬಲ್ಲವರಾಗಿದ್ದರು.

2019–20ರ ಸೀಸನ್ನಿಗೆ ಹಿರ್ಶರ್ ನಿವೃತ್ತರಾಗಿದ್ದರು. ಗೋಡೆ ಬಿತ್ತು. ಅಕ್ಟೋಬರ್‌ನಲ್ಲಿ ಸೋಲ್ಡನ್‌ನ ಮೊದಲ ರೇಸನ್ನೇ ಪ್ಯಾಂತುರೋ ಗೆದ್ದರು. ಅವರಿಗೆ ಎದುರಾಗಿ ನಿಂತವರು ನಾರ್ವೆಯ ಅಲೆಕ್ಸಾಂಡರ್ ಆಮೋಟ್ ಕಿಲ್ಡೆ, ಡೌನ್‌ಹಿಲ್ ಮತ್ತು ಸೂಪರ್-ಜಿಯ ಗಟ್ಟಿ ಆಟಗಾರ. ಮಾರ್ಚ್ 1 ಮತ್ತು 2ರಂದು ಆಸ್ಟ್ರಿಯಾದ ಹಿಂಟರ್‌ಸ್ಟೋಡರ್‌ನಲ್ಲಿ ಪ್ಯಾಂತುರೋ ಮೊದಲು ಕಂಬೈನ್ಡ್, ಆಮೇಲೆ ಜೈಂಟ್ ಸ್ಲಾಲಂ ಎರಡನ್ನೂ ಗೆದ್ದು ಪಟ್ಟಿಯಲ್ಲಿ ಮೇಲಕ್ಕೆ ಬಂದರು. ಐದು ದಿನ ಕಳೆದು ನಾರ್ವೆಯ ಕ್ವಿಟ್‌ಫಿಯೆಲ್‌ನಲ್ಲಿ ಡೌನ್‌ಹಿಲ್. ಕಿಲ್ಡೆಗೆ ಎರಡನೇ ಸ್ಥಾನ, 80 ಪಾಯಿಂಟ್. ಈಗ ಕಿಲ್ಡೆ 54ರಿಂದ ಮುಂದೆ.

ಇನ್ನು ಉಳಿದದ್ದು ಸ್ಲೊವೇನಿಯಾದ ಕ್ರಾನ್ಸ್ಕಾ ಗೋರಾದಲ್ಲಿ ಒಂದು ಜೈಂಟ್ ಸ್ಲಾಲಂ, ಒಂದು ಸ್ಲಾಲಂ. ಎರಡೂ ಪ್ಯಾಂತುರೋ ಅವರ ಅಂಗಳ. ಒಂದು ಗೆಲುವು ಬಂದರೂ ಪಟ್ಟಿ ತಿರುಗುವ ಸಾಧ್ಯತೆ ಜಾಸ್ತಿ ಇತ್ತು. ಆದರೆ ಅಷ್ಟರಲ್ಲಿ ಕೊರೊನಾ ಬಂತು. ಕೋರ್ಟಿನಾದಲ್ಲಿ ನಡೆಯಬೇಕಿದ್ದ ಫೈನಲ್ಸ್ ಅದಾಗಲೇ ರದ್ದಾಗಿತ್ತು, ಈ ಎರಡು ರೇಸ್‌ಗಳೂ ರದ್ದಾದವು. ಕಿಲ್ಡೆ 1202, ಪ್ಯಾಂತುರೋ 1148. ಪುಸ್ತಕ ಅಲ್ಲಿಗೇ ಮುಚ್ಚಿತು. ಕಿಲ್ಡೆ ಅರ್ಹರಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಇಡೀ ಚಳಿಗಾಲದಲ್ಲಿ ಒಂದೇ ರೇಸ್ ಗೆದ್ದರೂ ಅವರು ಮತ್ತೆ ಮತ್ತೆ ಮೊದಲ ಐದರೊಳಗೆ ಬಂದು ಕೂಡಿಟ್ಟ ಪಾಯಿಂಟ್ ಅದು. ಆದರೂ ವೇಳಾಪಟ್ಟಿಯಲ್ಲಿ ಯಾವ ರೇಸ್ ಮೊದಲು, ಯಾವುದು ಕೊನೆಗೆ ಅನ್ನುವ ಆಕಸ್ಮಿಕ ಒಂದು ಪ್ರಶಸ್ತಿಯನ್ನು ತೀರ್ಮಾನಿಸಿತು ಅನ್ನೋದೂ ಸುಳ್ಳಲ್ಲ.

ಮುಂದಿನ ಸೀಸನ್‌ನಲ್ಲಿ ಕಂಬೈನ್ಡ್ ಕೈಬಿಟ್ಟರು. ಕೊರೊನಾ ಕಾಲದಲ್ಲಿ ಸ್ಪೀಡ್ ಆಟಗಾರರ ಗುಂಪನ್ನೂ ಟೆಕ್ನಿಕಲ್ ಗುಂಪನ್ನೂ ಒಂದೇ ಊರಿನಲ್ಲಿ ಸೇರಿಸುವುದು ಬೇಡ ಅನ್ನೋದು ಆಗಿನ ವಿಚಾರ. ವಿಶ್ವಕಪ್‌ಗೆ ಅದು ಮತ್ತೆ ಮರಳಲಿಲ್ಲ. ಹಾಗಾಗಿ ಹಿಂಟರ್‌ಸ್ಟೋಡರ್‌ನಲ್ಲಿ ಪ್ಯಾಂತುರೋ ಗೆದ್ದದ್ದೇ ಗಂಡಸರ ವಿಶ್ವಕಪ್‌ನ ಕೊನೆಯ ಕಂಬೈನ್ಡ್. ಮೇಲ್ನೋಟಕ್ಕೆ ಇದರಿಂದ ಅತಿ ಹೆಚ್ಚು ನಷ್ಟ ಆದದ್ದು ಅವರಿಗೇ.

ಆದರೆ ಇನ್ನೊಂದು ಬದಿ ಇದೆ. ಕಂಬೈನ್ಡ್ ಇಲ್ಲದಿದ್ದರೆ ಅದಕ್ಕೆ ಬೇಕಾದ ಸ್ಪೀಡ್ ಅಭ್ಯಾಸದ ದಿನಗಳೂ ಉಳಿಯುತ್ತವೆ. ಜೈಂಟ್ ಸ್ಲಾಲಂ ಮೇಲೆ ಗಮನ ಕೂಡಿತು. ನವೆಂಬರ್‌ನಲ್ಲಿ ಲೆಖ್-ಸ್ಯೂರ್ಸ್‌ನ ಪ್ಯಾರಲಲ್ ಗೆದ್ದರು. ಡಿಸೆಂಬರ್‌ನಲ್ಲಿ ಅಲ್ಟಾ ಬಾಡಿಯಾ. ಜನವರಿಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ಆಡೆಲ್‌ಬೋಡನ್‌ನಲ್ಲಿ ಸತತ ಎರಡು ದಿನ ಎರಡು ಜೈಂಟ್ ಸ್ಲಾಲಂ. ಈ ಆಡೆಲ್‌ಬೋಡನ್ ಇಳಿಜಾರಿನ ಕೊನೆಯ ತುಂಡು ಗೋಡೆಯ ಹಾಗೆ ಕಡಿದು. ಕಾಲಿನಲ್ಲಿ ಶಕ್ತಿ ಮುಗಿದ ಹೊತ್ತಿಗೆ ಅದು ಎದುರಾಗುತ್ತದೆ. ಬೇರೆಯವರು ಅಲ್ಲಿ ಬದುಕಿ ಉಳಿದರೆ ಸಾಕು ಅಂತ ಜಾರಿದರೆ, ಪ್ಯಾಂತುರೋ ಅಲ್ಲೇ ಸಮಯ ಗಳಿಸುತ್ತಿದ್ದರು. ಆ ಎರಡು ಓಟಗಳ ವಿಡಿಯೊ ಸಿಕ್ಕರೆ ನೋಡಿ. ಇವರ ಆಟ ಹೇಗಿತ್ತು ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೇಲುಮೈ ಅಲುಗುವುದಿಲ್ಲ, ಕೆಲಸವೆಲ್ಲ ಸೊಂಟದಿಂದ ಕೆಳಗೆ.

ಫೆಬ್ರವರಿ ಆದ ಮೇಲೆ ಸ್ವಿಟ್ಜರ್‌ಲ್ಯಾಂಡಿನ ಯುವಕ ಮಾರ್ಕೊ ಓಡರ್ಮಾಟ್ ಬೆನ್ನು ಹತ್ತಿದರು. ಮಾರ್ಚ್ ಮಧ್ಯದಲ್ಲಿ ಲೆಂಟ್ಸರ್‌ಹೈಡೆಯ ಫೈನಲ್ಸ್‌ಗೆ ಬರುವಾಗ ಅಂತರ ಬರೀ 31. ಅಲ್ಲಿ ಡೌನ್‌ಹಿಲ್, ಸೂಪರ್-ಜಿ, ಜೈಂಟ್ ಸ್ಲಾಲಂ, ಸ್ಲಾಲಂ ನಾಲ್ಕೂ ಇದ್ದವು. ಮೊದಲೆರಡು ಓಡರ್ಮಾಟ್‌ಗೆ ಅನುಕೂಲ, ಕೊನೆಯದು ಪ್ಯಾಂತುರೋಗೆ. ಹಿಮ, ಮಂಜು ಬಿಡಲಿಲ್ಲ, ಡೌನ್‌ಹಿಲ್ ಸೂಪರ್-ಜಿ ಎರಡೂ ರದ್ದು. ಹಿಂದಿನ ವರ್ಷ ಪ್ಯಾಂತುರೋ ಕೈಯಿಂದ ಕಿತ್ತುಕೊಂಡದ್ದನ್ನು ವೇಳಾಪಟ್ಟಿ ಈ ಸಲ ವಾಪಸ್ ಕೊಟ್ಟಿತು. ಸ್ವಿಸ್ ಅಭಿಮಾನಿಗಳಿಗೆ ಸಿಟ್ಟು ಬಂದದ್ದು ಸಹಜ.

ಮಾರ್ಚ್ 20, ಶನಿವಾರ, ಜೈಂಟ್ ಸ್ಲಾಲಂ. ಅವತ್ತು ಪ್ಯಾಂತುರೋ ಅವರಿಗೆ 30 ವರ್ಷ ತುಂಬಿತು. ರೇಸ್ ಗೆದ್ದರು: 100 ಪಾಯಿಂಟ್. ಓಡರ್ಮಾಟ್ 11ನೆಯವರು: 24 ಪಾಯಿಂಟ್. ಇದ್ದ 31ಕ್ಕೆ 76 ಸೇರಿ ಅಂತರ 107 ಆಯಿತು. ಉಳಿದಿರುವುದು ಒಂದೇ ಸ್ಲಾಲಂ, ಅದರಲ್ಲಿ ಗೆದ್ದರೂ ಸಿಗುವುದು 100. ಲೆಕ್ಕ ಮುಗಿಯಿತು. ದೊಡ್ಡ ಗ್ಲೋಬ್ ಮತ್ತು ಜೈಂಟ್ ಸ್ಲಾಲಂನ ಚಿಕ್ಕ ಗ್ಲೋಬ್, ಎರಡೂ ಒಂದೇ ದಿನ ಖಚಿತವಾದವು. ಮರುದಿನ ಸ್ಲಾಲಂನಲ್ಲಿ ಮೂರನೆಯವರಾಗಿ ಇನ್ನೊಂದು 60 ಸೇರಿಸಿದರು. ಕೊನೆಯ ಪಟ್ಟಿ: 1260 ಮತ್ತು 1093. ಹುಟ್ಟುಹಬ್ಬದ ಆ ಗೆಲುವೇ ಅವರ 34ನೆಯದು. ಆಮೇಲೆ ವಿಶ್ವಕಪ್ ರೇಸ್‌ಗಳಲ್ಲಿ ಇನ್ನೊಂದು ಗೆಲುವು ಸೇರಲಿಲ್ಲ.

ವಿಶ್ವ ಚಾಂಪಿಯನ್‌ಷಿಪ್ ಇದೆಲ್ಲದರಿಂದ ಬೇರೆ ಖಾತೆ. ಎರಡು ವರ್ಷಕ್ಕೊಮ್ಮೆ ಎರಡು ವಾರ ನಡೆಯುತ್ತದೆ. ಅಲ್ಲಿನ ಪದಕಕ್ಕೆ ವಿಶ್ವಕಪ್ ಪಾಯಿಂಟ್ ಇಲ್ಲ, ಒಲಿಂಪಿಕ್ಸ್‌ಗೂ ಇಲ್ಲ. ಈ ಖಾತೆಯಲ್ಲಿ ಪ್ಯಾಂತುರೋ ಅವರ ಕಥೆಯನ್ನು ಓದುವಾಗ ಆಸ್ಟ್ರಿಯಾದ ಮಾರ್ಕೊ ಶ್ವಾರ್ಟ್ಸ್ ಹೆಸರು ಮತ್ತೆ ಮತ್ತೆ ಬರುತ್ತದೆ. 2019ರಲ್ಲಿ ಓರೆಯ ಕಂಬೈನ್ಡ್‌ನಲ್ಲಿ ಪ್ಯಾಂತುರೋ ಚಿನ್ನ, ಶ್ವಾರ್ಟ್ಸ್ ಕಂಚು. 2021ರಲ್ಲಿ ಕೋರ್ಟಿನಾದಲ್ಲಿ ಶ್ವಾರ್ಟ್ಸ್ ಚಿನ್ನ, ಪ್ಯಾಂತುರೋ ಬೆಳ್ಳಿ, ವ್ಯತ್ಯಾಸ ಸೆಕೆಂಡಿನ ನೂರರಲ್ಲಿ 4 ಭಾಗ. ಅದೇ ಕೋರ್ಟಿನಾದ ಜೈಂಟ್ ಸ್ಲಾಲಂನಲ್ಲಿ ಮೊದಲ ಓಟದ ನಂತರ ಮುಂದಿದ್ದ ಪ್ಯಾಂತುರೋ ಎರಡನೆಯದರಲ್ಲಿ ಬಿದ್ದರು. ಚಿನ್ನ ತಂಡದ ಗೆಳೆಯ ಮಾಥ್ಯೂ ಫೇವ್ರ್ ಪಾಲಾಯಿತು.

ಮುಂದಿನ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪದಕವೇ ಬರಲಿಲ್ಲ. ಅಲ್ಲಿನ ಜೈಂಟ್ ಸ್ಲಾಲಂನಲ್ಲಿ, ಸುರಿಯುವ ಹಿಮದಲ್ಲಿ, ಅದೇ ಇಳಿಜಾರನ್ನು ಕಾಶ್ಮೀರದ ಆರಿಫ್ ಖಾನ್ ಕೂಡ ಇಳಿದರು ಅನ್ನೋದು ನಮಗೆ ಸಂಬಂಧಿಸಿದ ಸಣ್ಣ ಸಂಗತಿ. ಗುಲ್ಮಾರ್ಗ್‌ನ ಇಳಿಜಾರಿನಲ್ಲಿ ಕಲಿತ ಅವರು 45ನೆಯವರಾಗಿ ಮುಗಿಸಿದರು. ಎರಡು ಓಟ ಬೀಳದೆ ಮುಗಿಸದವರೇ ಅವತ್ತು ಎಷ್ಟೋ ಮಂದಿ ಇದ್ದರು.

2023ರ ಫೆಬ್ರವರಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂರ್ಶೆವೆಲ್‌ಗೇ ಬಂತು. ಪ್ಯಾಂತುರೋಗೆ ಆಗ 31. ಎರಡು ವರ್ಷದಿಂದ ಗೆಲುವಿಲ್ಲ. ವಿಶ್ವಕಪ್‌ನಲ್ಲಿ ಕಂಬೈನ್ಡ್ ನಡೆದು ಮೂರು ವರ್ಷ ಆಗುತ್ತಿದೆ. ಗಂಡಸರ ಮೊದಲ ಸ್ಪರ್ಧೆಯೇ ಕಂಬೈನ್ಡ್. ಬೆಳಗಿನ ಸೂಪರ್-ಜಿಯಲ್ಲಿ ಅತಿ ವೇಗದ ಸಮಯ ಅವರದು, ಹತ್ತಿರದಲ್ಲೇ ಮತ್ತೆ ಶ್ವಾರ್ಟ್ಸ್. ಸ್ಲಾಲಂನಲ್ಲಿ ಶ್ವಾರ್ಟ್ಸ್ ಒತ್ತಡ ಹಾಕಿದರು, ಆದರೆ ಸಾಲಲಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಚಿನ್ನ ಪ್ಯಾಂತುರೋಗೆ, ಬೆಳೆದ ಊರಿನ ಜನರ ಮುಂದೆ. ಎರಡು ದಿನ ಬಿಟ್ಟು ಸೂಪರ್-ಜಿಯಲ್ಲೂ ಕಂಚು.

ಇದೇ ಸೂಪರ್-ಜಿ ಮುಂದೆ ಅವರನ್ನು ಕಾಡಿತು. 2024ರ ಜನವರಿಯಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ವೆಂಗನ್‌ಗೆ ಹೋದರು. 12ರ ಶುಕ್ರವಾರ ಸೂಪರ್-ಜಿಯಲ್ಲಿ ಒಂದು ಹಾರು ಜಾಗದಲ್ಲಿ ಆಯ ತಪ್ಪಿ ಬಿದ್ದರು. ಎಡ ಮೊಣಕಾಲಿನ ಮುಖ್ಯ ಕಟ್ಟು (ಲಿಗಮೆಂಟ್) ಹರಿಯಿತು. ಮರುದಿನ ಅದೇ ವೆಂಗನ್‌ನ ಡೌನ್‌ಹಿಲ್‌ನಲ್ಲಿ ಕಿಲ್ಡೆ ಬಿದ್ದು ಭುಜಕ್ಕೂ ಕಾಲಿಗೂ ಭೀಕರ ಗಾಯ ಮಾಡಿಕೊಂಡರು. 2020ರ ಗ್ಲೋಬಿಗಾಗಿ ಪೈಪೋಟಿ ಮಾಡಿದ ಇಬ್ಬರೂ ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ಹೆಲಿಕಾಪ್ಟರ್ ಹತ್ತಿದರು. ದಣಿವು ತುಂಬಿದ ವಾರ ಅದು, ರೇಸ್‌ಗಳು ಮಿತಿಮೀರಿ ತುರುಕಿದ್ದಾರೆ ಅಂತ ಆಟಗಾರರೇ ಗೊಣಗಿದರು. ವೇಳಾಪಟ್ಟಿಯ ಜಗಳ ಮತ್ತೆ ಶುರು.

ಪ್ಯಾಂತುರೋ ಆ ವರ್ಷದ ಕೊನೆಗೆ ಮರಳಿದರು. 2025ರ ಜನವರಿ 24ರಂದು ಕಿಟ್ಸ್‌ಬ್ಯೂಲ್‌ನ ಸೂಪರ್-ಜಿಯಲ್ಲಿ ಮತ್ತೆ ಬಿದ್ದರು, ಈ ಸಲ ಬಲ ಮೊಣಕಾಲು. ಆ ಸೀಸನ್ನೂ ಮುಗಿಯಿತು. ಹೀಗಾಗಿ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಸಾಲ್ಬಾಖ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಅವರು ಇರಲಿಲ್ಲ. ಇದ್ದಿದ್ದರೂ ಅಲ್ಲಿ ತಮ್ಮ ಚಿನ್ನ ಉಳಿಸಿಕೊಳ್ಳಲು ಆಡಬೇಕಾದ ಸ್ಪರ್ಧೆ ಇರಲಿಲ್ಲ. ಒಬ್ಬರೇ ಎರಡೂ ಓಡುವ ಕಂಬೈನ್ಡ್ ತೆಗೆದು ‘ಟೀಮ್ ಕಂಬೈನ್ಡ್’ ತಂದಿದ್ದರು. ಒಬ್ಬ ಡೌನ್‌ಹಿಲ್ ಇಳಿಯುತ್ತಾನೆ, ಇನ್ನೊಬ್ಬ ಸ್ಲಾಲಂ, ಸಮಯ ಕೂಡಿಸುತ್ತಾರೆ. ಅಲ್ಲಿ ಗಂಡಸರ ಚಿನ್ನ ಸ್ವಿಟ್ಜರ್‌ಲ್ಯಾಂಡಿನ ಫ್ರಾನ್ಯೊ ಫಾನ್ ಆಲ್‌ಮೆನ್ ಮತ್ತು ಲೊಯಿಕ್ ಮೆಯಾರ್ ಜೋಡಿಗೆ ಹೋಯಿತು. ನೋಡಲು ಚೆನ್ನಾಗಿದೆ, ಒಪ್ಪುತ್ತೇನೆ. ದೇಶಗಳ ಪೈಪೋಟಿಗೆ ರಂಗು ಬರುತ್ತದೆ. ಆದರೆ ಅದು ಕೇಳುವ ಪ್ರಶ್ನೆ ಬೇರೆ. ಹಳೆಯ ಕಂಬೈನ್ಡ್ ಒಬ್ಬ ಆಟಗಾರನೊಳಗೆ ಎಷ್ಟು ಆಟ ಇದೆ ಅಂತ ಕೇಳುತ್ತಿತ್ತು. ಹೊಸದು ಒಂದು ದೇಶದ ಬಳಿ ಎಂಥ ಇಬ್ಬರು ಇದ್ದಾರೆ ಅಂತ ಕೇಳುತ್ತದೆ. 2026ರ ಒಲಿಂಪಿಕ್ಸ್ ಪಟ್ಟಿಗೂ ಬಂದದ್ದು ಈ ಹೊಸದೇ.

ಓಡರ್ಮಾಟ್ 2022ರಿಂದ 2025ರವರೆಗೆ ಸತತ ನಾಲ್ಕು ದೊಡ್ಡ ಗ್ಲೋಬ್ ಗೆದ್ದರು. ಡೌನ್‌ಹಿಲ್, ಸೂಪರ್-ಜಿ, ಜೈಂಟ್ ಸ್ಲಾಲಂ ಮೂರರಲ್ಲೂ ಅವರದೇ ಮೇಲುಗೈ. ಈಗಿನ ಕಾಲದ ಆಲ್‌ರೌಂಡರ್ ಅಂದರೆ ಅವರೇ. ಸ್ಲಾಲಂ ಮಾತ್ರ ಅವರು ಆಡುವುದಿಲ್ಲ. ಆಡಬೇಕಾದ ಅಗತ್ಯವನ್ನು ವೇಳಾಪಟ್ಟಿ ಅವರ ಮುಂದೆ ಇಟ್ಟೂ ಇಲ್ಲ.